ಜಿಂಕೆಗೆ ಈಡು ಎಲ್ಲಿಗೆ, ಗುಂಡು ಯಾವುದು? ಅಮೆರಿಕದಲ್ಲಿರುವ ಮಲೆನಾಡಿಗರಿಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹುಡುಗರು ಅಮೆರಿಕಕ್ಕೆ ಹೋಗಿ ನಾಲ್ಕೈದು ವರ್ಷ ಕಳೆಯಿತು ಅಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾ, ಇಲ್ಲಿ ಲೈಸೆನ್ಸ್ ತಗೊಂಡು ಜಿಂಕೆ ಹೊಡೀಬಹುದಂತೆ. ಯಾವ ಗುಂಡು ತಗೊಳ್ಳಲಿ?" ಅಜ್ಜಂದಿರ ಷಿಕಾರಿ ಕಥೆ ಕೇಳಿಕೊಂಡು ಬೆಳೆದವರು, ಆಸೆ ಆಗುವುದು ಸಹಜ. ಪೆನ್ಸಿಲ್ವೇನಿಯಾದಲ್ಲಿ ಇದ್ದಾಗ ಅಲ್ಲಿನ ಲೈಸೆನ್ಸ್ ಮೇಲೆ ನಾನೂ ಬೇಟೆಗೆ ಹೋದವನೇ. ಈಗ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿದ್ದೇನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಊರಿನಲ್ಲಿ ಕೂತು ಓದುವವರಿಗೆ ಮೊದಲೇ ಹೇಳುತ್ತೇನೆ, ಇದು ಇಲ್ಲಿ ಮಾಡುವ ಕೆಲಸ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಮೊದಲು ಕೆಲವು ಪ್ರಾಣಿಗಳಿಗೆ ಬೇಟೆ ಲೈಸೆನ್ಸ್ ಅಂತ ಒಂದು ಕಿಂಡಿ ಇತ್ತು. 1991ರ ತಿದ್ದುಪಡಿಯಲ್ಲಿ ಅದೂ ಮುಚ್ಚಿತು. ಜಿಂಕೆ, ಕಡವೆ, ಕಾಡುಕುರಿ, ಯಾವುದನ್ನು ಹೊಡೆದರೂ ಕೇಸು. ಶೆಟ್ಟಿಹಳ್ಳಿ ಅಭಯಾರಣ್ಯದ ಒಳಗಾದರಂತೂ ಕನಿಷ್ಠ ಮೂರು ವರ್ಷ, ಏಳರ ತನಕ ಜೈಲು. ಮನೆಯಲ್ಲಿರುವ ಕೋವಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಜಿಂಕೆ ಹೊಡೆಯಲು ಪರವಾನಗಿ ಸಿಕ್ಕ ಹಾಗಲ್ಲ.

ಅಮೆರಿಕದಲ್ಲೂ ಸುಮ್ನೆ ಕೋವಿ ಹೆಗಲಿಗೆ ಹಾಕಿಕೊಂಡು ಹೊರಡುವ ಹಾಗಿಲ್ಲ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ, ತೋಟಾ ಎರಡನ್ನೂ ಇಟ್ಟುಕೊಳ್ಳಬಾರದು ಅಂತ ಅಲ್ಲಿನ ಕೇಂದ್ರ ಕಾನೂನೇ ಹೇಳುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಹಾಗಾಗಿ ಮೊದಲು ಹಂಟರ್ ಎಜುಕೇಶನ್ ಕೋರ್ಸ್, ಆಮೇಲೆ ಲೈಸೆನ್ಸ್, ಅದು ಕೈಗೆ ಬಂದ ಮೇಲೆ ಕೋವಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಇನ್ನು ರಾತ್ರಿ ಟಾರ್ಚ್ ಬಿಟ್ಟು, ಕಣ್ಣು ಹೊಳೆದ ಕಡೆ ಈಡು ಹೊಡೆಯುವ ನಮ್ಮ ಕಡೆಯ ಹಳೇ ಚಾಳಿ ಇದೆಯಲ್ಲ, ಅದನ್ನು ಇಲ್ಲೇ ಬಿಟ್ಟು ಹೋಗಿ. ರಾಜ್ಯಕ್ಕೊಂದು ಲೆಕ್ಕ ಇದ್ದರೂ, ಸಾಮಾನ್ಯವಾಗಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಮುಳುಗಿದ ಅರ್ಧ ಗಂಟೆಯ ತನಕ ಮಾತ್ರ ಜಿಂಕೆ ಬೇಟೆಗೆ ಸಮಯ.

ಮೊದಲು ಜಾಗ

ಎಲ್ಲರೂ ಗುಂಡಿನಿಂದ ಶುರು ಮಾಡುತ್ತಾರೆ. ಅಲ್ಲಿನ ಅಂಗಡಿಯ ಗೋಡೆ ತುಂಬ ತೋಟಾದ ಡಬ್ಬಿಗಳು, ಪ್ರತಿಯೊಂದರ ಮೇಲೂ ಕೊಂಬಿನ ಜಿಂಕೆಯ ಚಿತ್ರ. ತಲೆ ಕೆಡದೆ ಇರುತ್ತದಾ? ಆದರೆ ಆಯ್ಕೆ ಉಲ್ಟಾ ದಿಕ್ಕಿನಿಂದ ಆಗಬೇಕು. ಈಡು ಎಲ್ಲಿಗೆ ಹೊಡೆಯುತ್ತೀರಿ ಅಂತ ಮೊದಲು ತೀರ್ಮಾನ ಮಾಡಿ. ಆ ಜಾಗದಲ್ಲಿ ಮೂಳೆ ಎಷ್ಟಿದೆ, ಮಾಂಸ ಎಷ್ಟಿದೆ ಅನ್ನುವುದರ ಮೇಲೆ ಗುಂಡು ತಾನಾಗಿಯೇ ಆಯ್ಕೆಯಾಗುತ್ತದೆ. ಹೊಟ್ಟೆಗೆ ಬಿದ್ದ ದುಬಾರಿ ಗುಂಡಿಗಿಂತ ಶ್ವಾಸಕೋಶಕ್ಕೆ ಬಿದ್ದ ಅಗ್ಗದ ಗುಂಡು ಸಾವಿರ ಪಾಲು ಮೇಲು.

ರಜಕ್ಕೆ ಬಂದಾಗ ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪ ಸಫಾರಿಗೆ ಹೋಗಿ. ಹುಲಿ, ಸಿಂಹ ಅವರು ನೋಡಲಿ, ನೀವು ಜಿಂಕೆಯನ್ನು ನಿಂತು ನೋಡಿ. ಗಂಡು ಜಿಂಕೆ ಸುಮಾರು 70ರಿಂದ 90 ಕೆ.ಜಿ. ತೂಗುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಯದೂ ಹೆಚ್ಚುಕಡಿಮೆ ಅದೇ ಮೈಕಟ್ಟು, ಉತ್ತರದ ಚಳಿ ರಾಜ್ಯಗಳಲ್ಲಿ ನೂರು ದಾಟುವುದೂ ಉಂಟು. ಟೆಕ್ಸಾಸ್‌ನಲ್ಲಿ ಇರುವವರಿಗೆ ನಮ್ಮ ಚುಕ್ಕೆ ಜಿಂಕೆಯೇ ಸಿಗುತ್ತದೆ. 1930ರ ದಶಕದಲ್ಲಿ ತಂದು ಬಿಟ್ಟಿದ್ದು ಈಗ ಅಲ್ಲಿನ ಗುಡ್ಡಗಾಡಿನಲ್ಲಿ ಹಿಂಡುಗಟ್ಟಿ ಓಡಾಡುತ್ತದೆ. ಆಕ್ಸಿಸ್ ಡಿಯರ್ ಅಂತ ಕರೆಯುತ್ತಾರೆ. ಹೊರಗಿನ ಪ್ರಾಣಿ ಅನ್ನುವ ಲೆಕ್ಕದಲ್ಲಿ ಅದಕ್ಕೆ ಸೀಸನ್ ಕಟ್ಟುಪಾಡು ಇಲ್ಲ. ಲೈಸೆನ್ಸ್ ಮಾತ್ರ ಬೇಕೇ ಬೇಕು.

ಜಿಂಕೆ ಅಡ್ಡಲಾಗಿ ನಿಂತಾಗ ಅದರ ಮುಂಗಾಲಿನ ಹಿಂಬದಿಯ ಅಂಚನ್ನು ಹಿಡಿದು ಕಣ್ಣಲ್ಲೇ ಒಂದು ಗೆರೆ ಮೇಲಕ್ಕೆ ಎಳೆಯಿರಿ. ಎದೆಯ ಕೆಳಗಿನ ಅಂಚಿನಿಂದ ಬೆನ್ನಿನ ತನಕ ಮೂರು ಪಾಲು ಮಾಡಿ. ಕೆಳಗಿನ ಪಾಲು ಮುಗಿದು ನಡುವಿನದು ಶುರುವಾಗುವಲ್ಲಿ ಗೆರೆ ದಾಟುತ್ತದಲ್ಲ, ಗುರಿ ಅಲ್ಲಿಗೆ. ಹೃದಯ ಅದಕ್ಕಿಂತ ಕೆಳಗೆ, ಮುಂಗಾಲುಗಳ ನಡುವೆ ಇರುತ್ತದೆ. ನಾವು ಅಂದುಕೊಳ್ಳುವುದಕ್ಕಿಂತ ತುಂಬಾ ಕೆಳಗೆ. ಅದರ ಮೇಲೆ ಮತ್ತು ಹಿಂದೆ ಶ್ವಾಸಕೋಶ. ಎರಡೂ ಸೇರಿದರೆ ಸುಮಾರು ಎಂಟು ಇಂಚು ಅಗಲದ ಗುರಿ. ಎರಡು ಇಂಚು ಅತ್ತಿತ್ತ ಆದರೂ ಪ್ರಾಣಿ ಹೆಚ್ಚು ನರಳದೆ ಬೀಳುತ್ತದೆ. ನಾನು ಹೊಸಬರಿಗೆ ಹೇಳುವುದು ಇದೊಂದೇ ಜಾಗ.

ಇದಕ್ಕೆ ಒಂದು ಅನಾನುಕೂಲ ಇದೆ. ಜಿಂಕೆ ನಿಂತಲ್ಲೇ ಬೀಳುವುದಿಲ್ಲ. ಹೃದಯಕ್ಕೇ ಬಿದ್ದರೂ ಐವತ್ತು, ನೂರು ಗಜ ಓಡಬಹುದು. ಬಯಲಿನಲ್ಲಿ ತೊಂದರೆ ಇಲ್ಲ. ಪಕ್ಕದಲ್ಲೇ ಬೇರೆಯವರ ಜಮೀನು ಇದ್ದರೆ, ಇಲ್ಲಾ ದಟ್ಟ ಪೊದೆ ಇದ್ದರೆ ತಲೆನೋವು. ಅಂಥವರು ಹೆಗಲಿನ ಮೇಲ್ಭಾಗಕ್ಕೆ ಹೊಡೆಯುತ್ತಾರೆ. ಅಲ್ಲಿ ಎರಡೂ ಹೆಗಲಿನ ಮೂಳೆ, ಮೇಲೆ ಬೆನ್ನುಹುರಿ. ಸರಿಯಾಗಿ ಬಿದ್ದರೆ ಜಿಂಕೆ ನಿಂತ ಕಡೆಯೇ ಕುಸಿಯುತ್ತದೆ. ಹಾಗಾದರೆ ಅದೇ ಒಳ್ಳೇದಲ್ವಾ ಅಂತ ಕೇಳಬಹುದು. ಎರಡು ಕಾರಣಕ್ಕೆ ನನಗೆ ಅದು ಒಪ್ಪಿಗೆ ಇಲ್ಲ. ಎರಡೂ ಮುಂದೊಡೆಯ ಮಾಂಸ ಮೂಳೆ ಚೂರು, ಹೆಪ್ಪುಗಟ್ಟಿದ ರಕ್ತ ಸೇರಿ ಹಾಳಾಗುತ್ತದೆ. ಇನ್ನೊಂದು, ಈಡು ಸ್ವಲ್ಪ ಮೇಲೆ ಹೋದರೆ ಬೆನ್ನಿನ ಮಾಂಸ ತೂತು ಮಾಡಿಕೊಂಡು ಆಚೆ ಹೋಗುತ್ತದೆ. ಜಿಂಕೆ ಒಮ್ಮೆ ಬಿದ್ದು, ನೀವು ಖುಷಿಯಲ್ಲಿ ಇಳಿದು ಬರುವಷ್ಟರಲ್ಲಿ ಎದ್ದು ಓಡಿರುತ್ತದೆ. ಕೈ ಕುದುರಿದವರು, ಗಟ್ಟಿ ಗುಂಡು ಇಟ್ಟುಕೊಂಡವರು ಮಾಡಲಿ.

ಕತ್ತು, ತಲೆ ಬೇಡ. ಕತ್ತಿನಲ್ಲಿ ಪ್ರಾಣ ತೆಗೆಯುವ ಜಾಗ ಒಂದು ತೆಳು ಪಟ್ಟಿ ಅಷ್ಟೇ, ಸುತ್ತ ಬರೀ ಮಾಂಸ. ತಲೆ ಇಡೀ ಮೈಯಲ್ಲಿ ಅತಿ ಜಾಸ್ತಿ ಅಲ್ಲಾಡುವ ಭಾಗ. ಮಿದುಳು ತಪ್ಪಿ ದವಡೆಗೆ ಬಿದ್ದರೆ ಆ ಜಿಂಕೆ ಓಡಿಹೋಗಿ, ಮೇಯಲಾಗದೆ, ದಿನಗಟ್ಟಲೆ ಉಪವಾಸ ಬಿದ್ದು ಸಾಯುತ್ತದೆ. "ನಮ್ಮಜ್ಜ ಹಣೆಗೇ ಹೊಡೀತಿದ್ದರು" ಅನ್ನುವವರು ನಮ್ಮಲ್ಲಿ ಬಹಳ. ಅಜ್ಜ ಹೊಡೆದು ಸಿಗದೇ ಹೋದ ಜಿಂಕೆಯ ಕಥೆ ಯಾರೂ ಹೇಳುವುದಿಲ್ಲ.

ಜಿಂಕೆ ಯಾವಾಗಲೂ ಅಡ್ಡಲಾಗೇ ನಿಲ್ಲುತ್ತದಾ? ಇಲ್ಲ. ಓರೆಯಾಗಿ ನಿಂತು ಮುಖ ನಿಮ್ಮಿಂದ ಆಚೆಗಿದ್ದರೆ ಅದು ಒಳ್ಳೆಯ ಅವಕಾಶ. ಆಗ ಈಚೆ ಬದಿಯ ಮುಂಗಾಲು ಮರೆತುಬಿಡಿ. ಆಚೆ ಬದಿಯ ಮುಂಗಾಲಿನ ಮೇಲೆ ಗುಂಡು ಹೊರಬರಬೇಕು ಅಂತ ಲೆಕ್ಕ ಹಾಕಿ. ಹಾಗೆ ಮಾಡಿದರೆ ಗುಂಡು ಪಕ್ಕೆಯ ಹಿಂದಿನಿಂದ ಹೊಕ್ಕು ಎದೆಗೂಡನ್ನು ಓರೆಯಾಗಿ ದಾಟುತ್ತದೆ. ಮುಖ ನಿಮ್ಮ ಕಡೆ ಮಾಡಿ ಓರೆ ನಿಂತಿದ್ದರೆ ಗುರಿ ಚಿಕ್ಕದಾಗುತ್ತದೆ, ಹೆಗಲ ಮೂಳೆ ಅಡ್ಡ ಬರುತ್ತದೆ. ಕಾಯಿರಿ, ತಿರುಗುತ್ತದೆ. ಹಿಂಭಾಗ ತೋರಿಸಿ ಹೋಗುತ್ತಿರುವ ಜಿಂಕೆಗೆ ಹೊಡೆದರೆ ಗುಂಡು ಎದೆ ಸೇರುವ ಮೊದಲು ಕರುಳೆಲ್ಲ ಸೀಳಿರುತ್ತದೆ. ಮಾಂಸವೂ ಇಲ್ಲ, ಮರ್ಯಾದೆಯೂ ಇಲ್ಲ. ಮರದ ಮೇಲಿನ ಅಟ್ಟಣಿಗೆಯಿಂದ ಹೊಡೆಯುವವರು ಗುಂಡು ಇಳಿಜಾರಿನಲ್ಲಿ ಹೋಗುತ್ತದೆ ಅನ್ನುವುದನ್ನು ನೆನಪಿಡಬೇಕು. ಹೊಗುವ ತೂತು ಮೇಲೆ, ಹೊರಡುವ ತೂತು ಕೆಳಗೆ. ಜಿಂಕೆ ತೀರಾ ಕಾಲಬುಡದಲ್ಲಿದ್ದರೆ ಎರಡು ಶ್ವಾಸಕೋಶದಲ್ಲಿ ಒಂದೇ ಸಿಗುತ್ತದೆ. ಅದು ಹತ್ತು ಹೆಜ್ಜೆ ಆಚೆ ಹೋಗುವ ತನಕ ಬಿಡುವುದೇ ಲೇಸು.

ಎಷ್ಟು ದೂರದಿಂದ ಹೊಡೆಯಬಹುದು ಅಂತ ತೋಟಾದ ಡಬ್ಬಿ ಹೇಳುವುದಿಲ್ಲ, ಹಾಳೆ ತಟ್ಟೆ ಹೇಳುತ್ತದೆ. ಅಡಿಕೆ ಹಾಳೆಯ ಎಂಟು ಇಂಚಿನ ತಟ್ಟೆ ಈಗ ಅಲ್ಲೂ ಸಿಗುತ್ತದೆ. ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಐವತ್ತು ಗಜಕ್ಕೆ ಒಂದು ಕಟ್ಟಿ. ಮೇಜಿನ ಮೇಲೆ ಮರಳಿನ ಚೀಲ ಇಟ್ಟುಕೊಂಡು ಅಲ್ಲ, ಕಾಡಿನಲ್ಲಿ ಹೇಗೆ ಕೂರುತ್ತೀರೋ ಹಾಗೆ ಕೂತು ಐದು ಈಡು ಹೊಡೆಯಿರಿ. ಐದೂ ತಟ್ಟೆಯೊಳಗೆ ಬಿದ್ದರೆ ನೂರು ಗಜಕ್ಕೆ ಕಟ್ಟಿ. ಎಲ್ಲಿ ಒಂದು ಹೊರಗೆ ಹೋಗುತ್ತದೋ ಅದರ ಹಿಂದಿನ ದೂರವೇ ನಿಮ್ಮ ಮಿತಿ. ಕೋವಿಯ ಮಿತಿ ಮುನ್ನೂರು ಗಜ ಇರಬಹುದು. ಅದು ಕೋವಿಯ ವಿಷಯ.

ಈಗ ಗುಂಡು

ಒಂದನ್ನು ಕಣ್ಣುಮುಚ್ಚಿ ತೆಗೆದುಹಾಕಿ. ಪೂರ್ತಿ ತಾಮ್ರದ ಹೊದಿಕೆಯ, ಮಿಲಿಟರಿ ಥರದ ಗುಂಡು. ಅಗ್ಗಕ್ಕೆ ಸಿಗುತ್ತದೆ, ರೇಂಜಿನಲ್ಲಿ ಚೆನ್ನ. ಜಿಂಕೆಯ ಮೈಯಲ್ಲಿ ಅದು ಅರಳುವುದಿಲ್ಲ, ಸಣ್ಣ ತೂತು ಮಾಡಿ ಹೋಗುತ್ತದೆ. ಪೆನ್ಸಿಲ್ವೇನಿಯಾ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಅದು ನಿಷಿದ್ಧ.

ಉಳಿದವು ಮುಖ್ಯವಾಗಿ ಮೂರು ಜಾತಿ. ಒಂದು, ಸಾದಾ ಸಾಫ್ಟ್ ಪಾಯಿಂಟ್. ಒಳಗೆ ಸೀಸ, ಮೇಲೆ ತಾಮ್ರದ ಕವಚ, ಮೂತಿಯಲ್ಲಿ ಸೀಸ ಹೊರಗೆ ಕಾಣುತ್ತದೆ. ರೆಮಿಂಗ್ಟನ್ ಕೋರ್-ಲಾಕ್ಟ್ 1939ರಿಂದ ಬರುತ್ತಿದೆ, ವಿಂಚೆಸ್ಟರ್ ಪವರ್-ಪಾಯಿಂಟ್ ಅದೇ ಥರದ್ದು. ಬಡಿದ ಕೂಡಲೇ ಮೂತಿ ಅಣಬೆಯ ಹಾಗೆ ಅರಳುತ್ತದೆ. ಪಕ್ಕೆಯ ತೆಳು ಮೂಳೆ ದಾಟಿ ಶ್ವಾಸಕೋಶಕ್ಕೆ ಹೋಗಲು ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಹತ್ತಿರದಿಂದ ಹೆಗಲ ಮೂಳೆಗೆ ಬಡಿದರೆ ಮಾತ್ರ ಕವಚ, ಸೀಸ ಬೇರೆಬೇರೆಯಾಗಿ ಚೂರಾಗುವುದುಂಟು. ಪ್ಲಾಸ್ಟಿಕ್ ಮೂತಿಯ ನಾಸ್ಲರ್ ಬ್ಯಾಲಿಸ್ಟಿಕ್ ಟಿಪ್, ಹಾರ್ನಡಿ ಎಸ್.ಎಸ್.ಟಿ. ಇದೇ ಬಳಗದವು. ದೂರಕ್ಕೆ ನೇರವಾಗಿ ಹೋಗುತ್ತವೆ. ಬೇಗ ಅರಳುತ್ತವೆ. ಹತ್ತಿರದ ಈಡಿಗೆ ಮಾಂಸ ಜಾಸ್ತಿ ಹಾಳು.

ಎರಡನೆಯದು ಸೀಸವನ್ನು ಕವಚಕ್ಕೆ ಬೆಸೆದಿರುವ ಬಾಂಡೆಡ್ ಗುಂಡು. ಫೆಡರಲ್ ಫ್ಯೂಷನ್, ನಾಸ್ಲರ್ ಆಕ್ಯುಬಾಂಡ್ ಇಂಥವು. ನಾಸ್ಲರ್ ಪಾರ್ಟಿಷನ್ ಬೆಸೆದಿದ್ದಲ್ಲ. ನಡುವೆ ಒಂದು ತಾಮ್ರದ ಗೋಡೆ, ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಇಡಿಯಾಗಿ ಮುಂದೆ ಹೋಗುತ್ತದೆ. ಕೆಲಸದಲ್ಲಿ ಎರಡೂ ಒಂದೇ ಸಾಲಿನವು. ಓರೆ ಈಡು, ಹೆಗಲಿನ ಈಡು, ದೊಡ್ಡ ಗಂಡು, ಇವಕ್ಕೆ ಇದೇ ಸರಿ. ಹೆಗಲಿಗೇ ಹೊಡೆಯುತ್ತೇನೆ ಅನ್ನುವವರು ಸಾದಾ ಗುಂಡು ಮರೆತು ಇದಕ್ಕೆ ದುಡ್ಡು ಹಾಕಿ.

ಮೂರನೆಯದು ಸೀಸವೇ ಇಲ್ಲದ, ಇಡೀ ತಾಮ್ರದ ಗುಂಡು. ಬಾರ್ನ್ಸ್ ಕಂಪನಿಯದು ಹೆಸರುವಾಸಿ. ಹೊಡೆದ ಜಿಂಕೆಯ ಆಚೆ ಬದಿಯ ಚರ್ಮದ ಅಡಿಯಲ್ಲಿ ಸಿಕ್ಕ ಇಂಥ ಗುಂಡನ್ನು ಕೈಗೆ ತಗೊಂಡು ನೋಡಿ. ಮೂತಿ ನಾಲ್ಕು ಎಸಳಾಗಿ ಹಿಂದಕ್ಕೆ ಬಾಗಿರುತ್ತದೆ, ಎಸಳಿನ ಅಂಚು ಬೆರಳು ಕುಯ್ಯುವಷ್ಟು ಚೂಪು. ತೂಕ ಮಾಡಿದರೆ ಹೊರಟಾಗಿನ ತೂಕ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸೀಸದ ಗುಂಡಿನ ತೂಕದಲ್ಲಿ ಗಣನೀಯ ಪಾಲು ಮಾಂಸದೊಳಗೆ ಉಳಿದಿರುತ್ತದೆ. ತಾಮ್ರಕ್ಕೆ ಎರಡು ಷರತ್ತು. ಅರಳಲು ವೇಗ ಬೇಕು, ಬಡಿಯುವಾಗ ಸೆಕೆಂಡಿಗೆ ಸುಮಾರು 1,800ರಿಂದ 2,000 ಅಡಿ. ಹಾಗಾಗಿ ತುಂಬಾ ದೂರದ ಈಡಿಗೆ ಇದು ಬೇಡ. ಮತ್ತೆ, ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತದೆ. ಆದ್ದರಿಂದ ಒಂದು ಮೆಟ್ಟಿಲು ಕಡಿಮೆ ತೂಕ ತಗೊಳ್ಳಿ. 308 ಅಂತ ಕರೆಯುವ ಅಳತೆಯ ತೋಟಾದಲ್ಲಿ ಸೀಸ 150 ಗ್ರೇನ್ (ಗುಂಡಿನ ತೂಕದ ಲೆಕ್ಕ) ಆದರೆ ತಾಮ್ರ 130 ಸಾಕು.

ಸೀಸದ ವಿಷಯ ಬಂತು, ಇದನ್ನು ಮನೆಯವರ ಜೊತೆ ಮಾತಾಡಿ ತೀರ್ಮಾನಿಸಿ. ಸೀಸದ ಕಣಗಳು ಈಡಿನ ತೂತಿನಿಂದ ಎಷ್ಟೋ ದೂರದ ಮಾಂಸದಲ್ಲೂ ಹರಡಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಕಾಣುತ್ತವೆ. 2008ರಲ್ಲಿ ಉತ್ತರ ಡಕೋಟಾದ ಆರೋಗ್ಯ ಇಲಾಖೆ, ಬಡವರಿಗೆ ಹಂಚಲು ದಾನವಾಗಿ ಬಂದಿದ್ದ ಜಿಂಕೆ ಖೀಮಾವನ್ನು ಬಳಸಬೇಡಿ ಅಂತ ಹೇಳಿದ್ದು ಇದೇ ಕಾರಣಕ್ಕೆ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು ಆ ಮಾಂಸ ಉಣ್ಣುವವರಾದರೆ ನನ್ನ ಮಟ್ಟಿಗೆ ಚರ್ಚೆಯೇ ಇಲ್ಲ, ತಾಮ್ರ. ಸೀಸದಲ್ಲೇ ಹೊಡೆದಿದ್ದರೆ ತೂತಿನ ಸುತ್ತ ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಆ ಭಾಗ ಖೀಮಾಕ್ಕೆ ಹಾಕಬೇಡಿ.

ಇನ್ನು ಕ್ಯಾಲಿಬರ್ ಜಗಳ, ಅಂದರೆ ಯಾವ ಅಳತೆಯ ತೋಟಾ ಅಂತ. ಇದಕ್ಕೆ ಜನ ರಾತ್ರಿಯೆಲ್ಲ ವಾದ ಮಾಡುತ್ತಾರೆ, ಜಿಂಕೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 243, 6.5 ಕ್ರೀಡ್‌ಮೂರ್, 270, 308, 30-06, ಎಲ್ಲವೂ ಸಾಕು. ಹೆಗಲಿಗೆ ಒದೆತ ಕಡಿಮೆ ಇರುವುದನ್ನು ಆರಿಸಿ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದರೆ ಈಡು ಹೊಟ್ಟೆಗೆ ಹೋಗುತ್ತದೆ. 243 ತಗೊಂಡರೆ 100 ಗ್ರೇನ್ ಆಸುಪಾಸಿನ ಜಿಂಕೆ ಗುಂಡೇ ತಗೊಳ್ಳಿ, ಅದರಲ್ಲಿ ಸಣ್ಣ ಪ್ರಾಣಿಗಳಿಗೆ ಅಂತ ಮಾಡಿದ ತೆಳು ಗುಂಡುಗಳೂ ಬರುತ್ತವೆ. 1895ರಿಂದ ಇರುವ 30-30 ದಟ್ಟ ಕಾಡಿಗೆ ಇವತ್ತಿಗೂ ಚೆನ್ನ, ನಮ್ಮ ಮಲೆನಾಡಿನಂಥ ಕಾಡಿನಲ್ಲಿ ನೂರು ಗಜದಾಚೆ ಕಾಣುವುದಾದರೂ ಏನು? ಅದರ ತೋಟಾಗಳು ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಚೂಪು ಮೂತಿಯ ಗಟ್ಟಿ ಗುಂಡು ಹಾಕಿದರೆ ಮೂತಿ ಮುಂದಿನ ತೋಟಾದ ಕೇಪಿಗೆ ತಾಗಿ ಅಪಾಯ. ಚಪ್ಪಟೆ ಮೂತಿಯದನ್ನೇ ಹಾಕಬೇಕು, ಇಲ್ಲಾ ಅದಕ್ಕೆಂದೇ ಮಾಡಿದ ಮೆತ್ತನೆ ತುದಿಯದು.

ನಿಮ್ಮ ರಾಜ್ಯ ಏನು ಹೇಳುತ್ತದೆ

ಎಷ್ಟೋ ಸಲ ಆಯ್ಕೆ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡೇ ಆಗಬೇಕು. ಬೇ ಏರಿಯಾದವರಿಗೆ ತಾಮ್ರ, ಅಲ್ಲಿಗೆ ಮುಗಿಯಿತು. ಒಹಾಯೊದಲ್ಲಿ ಜಿಂಕೆಗೆ ರೈಫಲ್ ಅಂದರೆ ನೇರ ಗೋಡೆಯ, ಅಂದರೆ ಮೂತಿಯ ಕಡೆ ಕತ್ತಿನ ಹಾಗೆ ಕಿರಿದಾಗದ ತೋಟಾ ಇರುವಂಥದ್ದು ಮಾತ್ರ. 350 ಲೆಜೆಂಡ್ ಅನ್ನುವುದು 2019ರಲ್ಲಿ ಬಂದದ್ದೇ ಇಂಥ ರಾಜ್ಯಗಳನ್ನು ನೋಡಿಕೊಂಡು. ಅದರಲ್ಲಿ ನೂರೈವತ್ತು ಗಜದ ಒಳಗೆ ಇರಿ.

ನಮ್ಮವರು ಜಾಸ್ತಿ ಇರುವ ನ್ಯೂಜೆರ್ಸಿಯಲ್ಲಿ ಜಿಂಕೆಗೆ ಸೆಂಟರ್‌ಫೈರ್ ರೈಫಲ್ (ಮೇಲೆ ಹೇಳಿದ 308 ಥರದ್ದು) ಇಲ್ಲ. ಶಾಟ್‌ಗನ್, ಮುಂದಿನಿಂದ ಮದ್ದು ತುಂಬುವ ಕೋವಿ, ಬಿಲ್ಲು. ಇಲ್ಲಿ ಮಲೆನಾಡಿನವರು ಎಡವುತ್ತಾರೆ. ಶಾಟ್‌ಗನ್ ಅಂದ ಕೂಡಲೇ ನಮಗೆ ಚರೆಯ ತೋಟಾ ನೆನಪಾಗುತ್ತದೆ. ಅಲ್ಲಿ ಅದು ಬಕ್‌ಶಾಟ್. ಸಾಮಾನ್ಯ ಹನ್ನೆರಡು ಬೋರಿನ ಡಬಲ್ ಆಟ್ (00 ಅಂತ ಬರೆಯುವ ಅಳತೆ) ತೋಟಾದಲ್ಲಿ ಒಂಬತ್ತು ಚರೆ, ಒಂದೊಂದೂ 0.33 ಇಂಚು. ಮೂವತ್ತು ಗಜದ ಒಳಗೆ ಒಟ್ಟಾಗಿ ಬೀಳುತ್ತವೆ. ಅದರಾಚೆ ಹರಡುತ್ತವೆ. ಎರಡು ಎದೆಗೆ, ಒಂದು ಕಾಲಿಗೆ, ಒಂದು ಹೊಟ್ಟೆಗೆ. ನಮ್ಮ ಕಾಡಿನಲ್ಲಿ ಸೋವು ಹೊಡೆದು ಓಡಿಸಿದ ಪ್ರಾಣಿ ಕುಂಟಿಕೊಂಡು ಕಣ್ಮರೆ ಆಗುತ್ತಿದ್ದುದು ಹೀಗೇ. ಕಾನೂನು ಒಪ್ಪಿದರೂ ಸ್ಲಗ್ ತಗೊಳ್ಳಿ. ಒಂದೇ ದೊಡ್ಡ ಗುಂಡು. ನಳಿಗೆಯ ಒಳಗೆ ತಿರುವು ಇದ್ದರೆ ಪ್ಲಾಸ್ಟಿಕ್ ತೊಟ್ಟಿಲಲ್ಲಿ ಕೂತ ಸೇಬೋ ಸ್ಲಗ್, ಇಲ್ಲದ ನುಣುಪು ನಳಿಗೆಗೆ ಮೈಮೇಲೇ ಗೀರುಗಳಿರುವ ರೈಫಲ್ಡ್ ಸ್ಲಗ್. ಇವನ್ನು ಅದಲುಬದಲು ಮಾಡಿದರೆ ಗುರಿ ಕೆಡುತ್ತದೆ. ನುಣುಪು ನಳಿಗೆಯಲ್ಲಿ ಐವತ್ತರಿಂದ ಎಪ್ಪತ್ತೈದು ಗಜ ಸಾಕು.

ಈಡು ಬಿದ್ದ ಮೇಲೆ

ಹೊಡೆದ ಕೂಡಲೇ ಇಳಿದು ಓಡಬೇಡಿ. ಜಿಂಕೆ ಏನು ಮಾಡಿತು ನೋಡಿ. ಹಿಂಗಾಲು ಎತ್ತಿ ಒದ್ದ ಹಾಗೆ ಜಿಗಿದು ಓಡಿದರೆ ಸಾಮಾನ್ಯವಾಗಿ ಎದೆ. ಬೆನ್ನು ಗೂನು ಮಾಡಿ ನಿಧಾನ ನಡೆದರೆ ಹೊಟ್ಟೆ. ಆಮೇಲೆ ಅದು ನಿಂತಿದ್ದ ಜಾಗಕ್ಕೆ ಹೋಗಿ ಎಲೆ ತಿರುಗಿಸಿ ನೋಡಿ. ತಿಳಿಗೆಂಪು ರಕ್ತ, ಅದರಲ್ಲಿ ಸಣ್ಣಸಣ್ಣ ಗುಳ್ಳೆ ಇದ್ದರೆ ಶ್ವಾಸಕೋಶ. ಅರ್ಧ ಗಂಟೆ ಕಾದು ಜಾಡು ಹಿಡಿಯಿರಿ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗ, ಮೂರು ನಾಲ್ಕು ಗಂಟೆ ಬಿಡಿ. ಹಸಿರು ಕಸರು, ಸಗಣಿಯ ವಾಸನೆ, ಒರಟು ಬಿಳಿ ಕೂದಲು ಕಂಡರೆ ಹೊಟ್ಟೆಗೆ ಬಿದ್ದಿದೆ. ಎಂಟು ಹತ್ತು ಗಂಟೆ ಅದನ್ನು ಎಬ್ಬಿಸಬಾರದು. ಹೊಟ್ಟೆಗೆ ಬಿದ್ದ ಜಿಂಕೆ ಹತ್ತಿರದ ಮರೆಯಲ್ಲೇ ಮಲಗುತ್ತದೆ. ಬೆನ್ನಟ್ಟಿದರೆ ಎದ್ದು ಮೈಲುಗಟ್ಟಲೆ ಹೋಗುತ್ತದೆ, ಮತ್ತೆ ಸಿಗುವುದು ಕಷ್ಟ. ಮಳೆ ಬರುವ ಹಾಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಜಾಡೇ ತೊಳೆದುಹೋಗುತ್ತದಲ್ಲ. ಕೆಲವು ರಾಜ್ಯಗಳಲ್ಲಿ ಹಗ್ಗ ಕಟ್ಟಿದ ನಾಯಿಯಿಂದ ಜಾಡು ಹಿಡಿಸಬಹುದು, ಅಂಥವರ ಫೋನ್ ನಂಬರ್ ಸೀಸನ್‌ಗೆ ಮುಂಚೆಯೇ ಇಟ್ಟುಕೊಳ್ಳಿ.

ಇಷ್ಟೆಲ್ಲ ಕೇಳಿದ ಮೇಲೂ "ಅಣ್ಣಾ, ಒಂದೇ ಹೇಳು" ಅನ್ನುವವರಿಗೆ: ರೈಫಲ್ ಬಿಡುವ ರಾಜ್ಯವಾದರೆ 308 ಅಥವಾ 6.5 ಕ್ರೀಡ್‌ಮೂರ್, ಮನೆಯಲ್ಲಿ ಮಕ್ಕಳಿದ್ದರೆ ತಾಮ್ರ, ಇಲ್ಲದಿದ್ದರೆ ಸಾದಾ ಸಾಫ್ಟ್ ಪಾಯಿಂಟ್, ಅಡ್ಡ ನಿಂತ ಜಿಂಕೆ, ಮುಂಗಾಲಿನ ಹಿಂದೆ. ಉಳಿದ ದುಡ್ಡಿಗೆ ಅದೇ ಗುಂಡಿನ ಇನ್ನೆರಡು ಡಬ್ಬಿ ತಂದು ತಟ್ಟೆಗೆ ಹೊಡೆಯಿರಿ.

ಮತ್ತೆ, ಪೆನ್ಸಿಲ್ವೇನಿಯಾದ ಕೋವಿ ಸೀಸನ್ ಶುರುವಾಗುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಶನಿವಾರ. ಅದು ಮುಗಿಯುತ್ತಿದ್ದ ಹಾಗೆ ಡಿಸೆಂಬರ್ ರಜಕ್ಕೆ ಊರಿಗೆ ಹೊರಡುವವರು ಜಾಸ್ತಿ. ಬೇಟೆಗೆ ಹಾಕಿದ ಜಾಕೆಟ್ಟು, ಬೆನ್ನಿಗೆ ಹಾಕಿದ ಬ್ಯಾಗು, ಎರಡರ ಪ್ರತಿ ಜೇಬನ್ನೂ ತಿರುವಿ ಹಾಕಿ ನೋಡಿ. ಒಂದೇ ಒಂದು ತೋಟಾ ಮೂಲೆಯಲ್ಲಿ ಉಳಿದಿದ್ದರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಕೇಸು ಬೀಳುತ್ತದೆ, ಅಲ್ಲಿನ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ. ಬೇಟೆಯ ಬ್ಯಾಗನ್ನು ಪ್ರಯಾಣಕ್ಕೆ ತರದೇ ಇರುವುದು ಇನ್ನೂ ವಾಸಿ.